ಕಂಪೈಲರ್ ಒಪ್ಪದಿದ್ದಾಗ: ಪಾಳಾದ ಮಾವಿನ ಲೆಕ್ಕ, ಹ್ಯಾಸ್ಕೆಲ್‌ನ ಟೈಪ್‌ಗಳು

ಹ್ಯಾಸ್ಕೆಲ್, ಓಕ್ಯಾಮಲ್ ತರದ ಫಂಕ್ಷನಲ್ ಭಾಷೆ ಕಲಿಯೋಕೆ ಕೂತವರಿಗೆಲ್ಲ ಎರಡನೇ ವಾರಕ್ಕೆ ಒಂದು ಸಿಟ್ಟು ಬರುತ್ತೆ: "ನಾನು ಬರೆದದ್ದು ಸರಿಯಾಗೇ ಇದೆ, ಕಂಪೈಲರ್ ಯಾಕೆ ಒಪ್ತಾ ಇಲ್ಲ?" ಇನ್ನೆರಡು ವಾರ ಕಳೆದ ಮೇಲೆ ಅದರ ಉಲ್ಟಾ ಸಿಟ್ಟು: "ಕಂಪೈಲರ್ ಒಪ್ಕೊಂಡಿತ್ತಲ್ಲ, ಮತ್ತೆ ಉತ್ತರ ಯಾಕೆ ತಪ್ಪು ಬಂತು?" ಎರಡಕ್ಕೂ ಮೂಲ ಒಂದೇ. ಟೈಪ್ ಸಿಸ್ಟಮ್‌ಗೆ ಮಿತಿ ಇದೆ. ಅದು ಕೆಲವು ಸರಿಯಾದ ಪ್ರೋಗ್ರಾಮ್‌ಗಳನ್ನು ಬೇಡ ಅನ್ನುತ್ತೆ, ಕೆಲವು ತಪ್ಪು ಪ್ರೋಗ್ರಾಮ್‌ಗಳನ್ನು ಸುಮ್ಮನೆ ಒಳಗೆ ಬಿಡುತ್ತೆ. ಈ ಪಾಠದಲ್ಲಿ ಅಂಥ ಐದು ಜಾಗಗಳನ್ನು ನೋಡೋಣ. ಪ್ರತಿಯೊಂದು ಕಡೆ ಏನು ಉಪಾಯ ಇದೆ, ಆ ಉಪಾಯಕ್ಕೆ ಬೆಲೆ ಎಷ್ಟು ಅಂತಲೂ ನೋಡೋಣ.

ಮಿತಿ ಯಾಕೆ ಇರಲೇಬೇಕು?

1936ರಲ್ಲಿ ಅಲನ್ ಟ್ಯೂರಿಂಗ್ ಒಂದು ಮಾತು ಸಾಧಿಸಿ ತೋರಿಸಿದರು. ಯಾವುದೇ ಪ್ರೋಗ್ರಾಮ್ ಕೊಟ್ಟರೂ ಅದು ನಿಲ್ಲುತ್ತೋ ಇಲ್ಲವೋ ಅಂತ ಹೇಳುವ ಒಂದೇ ಪ್ರೋಗ್ರಾಮ್ ಬರೆಯೋಕೆ ಆಗಲ್ಲ. ಟೈಪ್ ಚೆಕ್ಕರ್ ಕೂಡ ಒಂದು ಪ್ರೋಗ್ರಾಮೇ. ಅದು ನಿಲ್ಲಲೇಬೇಕು, ನಿಂತು "ಸರಿ" ಅಥವಾ "ತಪ್ಪು" ಅನ್ನಬೇಕು. ಹಾಗಾಗಿ ಅದು ನಮ್ಮ ಕೋಡನ್ನು ಓಡಿಸಿ ನೋಡಲ್ಲ, ಅಂದಾಜು ಮಾಡುತ್ತೆ. ಒಂದು ಷರತ್ತು ಯಾವಾಗಲೂ ನಿಜ ಅಂತ ನಮಗೆ ಗೊತ್ತಿರಬಹುದು. ಆದರೂ "ಷರತ್ತು ನಿಜವಾದರೆ 5, ಇಲ್ಲದಿದ್ದರೆ ಮಾವು ಎಂಬ ಅಕ್ಷರಸಾಲು" ಅಂತ ಬರೆದರೆ ಅದು ಒಪ್ಪಲ್ಲ. ಎರಡೂ ಕವಲಿಗೆ ಒಂದೇ ಟೈಪ್ ಬೇಕು ಅನ್ನುತ್ತೆ. ಅಪಾಯ ಇರಬಹುದು ಅನ್ನಿಸಿದ ಕಡೆಯೆಲ್ಲ ಬೇಡ ಅನ್ನೋದು ಅದರ ಸ್ವಭಾವ.

ಹ್ಯಾಸ್ಕೆಲ್, ಓಕ್ಯಾಮಲ್ ಎರಡರ ಬುಡದಲ್ಲೂ ಇರುವ ವಿಧಾನಕ್ಕೆ ಹಿಂಡ್ಲಿ-ಮಿಲ್ನರ್ ಅಂತ ಹೆಸರು. ರೋಜರ್ ಹಿಂಡ್ಲಿ 1969ರಲ್ಲಿ, ರಾಬಿನ್ ಮಿಲ್ನರ್ 1978ರಲ್ಲಿ ಬೇರೆ ಬೇರೆಯಾಗಿ ಕಂಡುಕೊಂಡದ್ದು. ಇದರ ಹೆಚ್ಚುಗಾರಿಕೆ ಏನಂದ್ರೆ, ನೀವು ಒಂದೂ ಟೈಪ್ ಬರೆಯದಿದ್ದರೂ ಅದೇ ಎಲ್ಲ ಲೆಕ್ಕ ಹಾಕಿ ಹೇಳುತ್ತೆ. ಈ ಅನುಕೂಲ ಉಳಿಸಿಕೊಳ್ಳೋಕೆ ಅದು ಕೆಲವು ಶಕ್ತಿ ಬಿಟ್ಟುಕೊಟ್ಟಿದೆ. ಕೆಳಗಿನ ಉಪಾಯಗಳಲ್ಲಿ ಹೆಚ್ಚಿನವು ಆ ಬಿಟ್ಟುಕೊಟ್ಟ ಶಕ್ತಿಯನ್ನು ಬೇಕಾದ ಕಡೆ ಮಾತ್ರ ವಾಪಸ್ ಕೇಳಿ ಪಡೆಯುವ ದಾರಿಗಳು.

ನಮ್ಮ ಉದಾಹರಣೆ

ನಮ್ಮ ಓದುಗುಂಪಿನ ಒಬ್ಬನ ಊರು ಮುಂಡಗೋಡ ತಾಲ್ಲೂಕಿನ ಪಾಳಾ. ಮನೆಯಲ್ಲಿ ಆಪೂಸು ಮಾವಿನ ತೋಟ ಇದೆ. ಸೀಸನ್ ಬಂತು ಅಂದ್ರೆ ಪೆಟ್ಟಿಗೆ ಎಣಿಸೋದು, ತೂಗೋದು, ದರ ಹಾಕೋದು, ಎಲ್ಲವೂ ಒಂದೇ ನೋಟ್‌ಬುಕ್ಕಿನಲ್ಲಿ. ಆ ಲೆಕ್ಕಕ್ಕೆ ಒಂದು ಚಿಕ್ಕ ಪ್ರೋಗ್ರಾಮ್ ಬರೆಯೋಣ ಅಂತ ನಾವು ಕೂತೆವು. ಪುಸ್ತಕದಲ್ಲಿರುವ ಸ್ಟ್ಯಾಕು, ಕ್ಯೂಗಳ ಉದಾಹರಣೆಗಿಂತ ಇದು ಚೆನ್ನಾಗಿದೆ, ಯಾಕಂದ್ರೆ ಇಲ್ಲಿ ಟೈಪ್ ತಪ್ಪಿದರೆ ಹೋಗೋದು ಒಂದು ಮನೆಯ ವರ್ಷದ ದುಡ್ಡು.

ಒಂದು ಸೂಚನೆ: ಕೋಡನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇವೆ. ಹಾಗೇ ಕಾಪಿ ಮಾಡಿದರೆ ಓಡಲ್ಲ. ಹ್ಯಾಸ್ಕೆಲ್‌ನಲ್ಲಿ ಟೈಪ್‌ಗಳ ಹೆಸರು ದೊಡ್ಡಕ್ಷರದಿಂದ ಶುರುವಾಗಬೇಕು, ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರ ಅಂತ ಭೇದವೇ ಇಲ್ಲ. ಲ್ಯಾಬಿನಲ್ಲಿ ಕೂತಾಗ ಹೆಸರುಗಳನ್ನು ಇಂಗ್ಲಿಷ್‌ಗೆ ಬದಲಿಸಿಕೊಳ್ಳಿ.

1. ಎಲ್ಲವೂ ಬರೀ ಸಂಖ್ಯೆ

ಮೊದಲ ಪ್ರಯತ್ನ ಹೀಗಿರುತ್ತೆ:

  ಬಿಲ್ : ಸಂಖ್ಯೆ → ಸಂಖ್ಯೆ → ಸಂಖ್ಯೆ
  ಬಿಲ್ ತೂಕ ದರ = ತೂಕ × ದರ

40 ಪೆಟ್ಟಿಗೆ, ಒಂದೊಂದರಲ್ಲಿ 18 ಕಿಲೋ ಅಂತ ಇಟ್ಕೊಳ್ಳಿ. ಒಟ್ಟು 720 ಕಿಲೋ. ಕಿಲೋಗೆ 50 ರೂಪಾಯಿ ಆದರೆ 36,000 ಬರಬೇಕು. ಯಾರೋ ತೂಕದ ಜಾಗದಲ್ಲಿ ಪೆಟ್ಟಿಗೆಯ ಎಣಿಕೆ 40 ಕೊಟ್ಟರೆ 2,000 ಬರುತ್ತೆ. ಕಂಪೈಲರ್ ಚಕಾರ ಎತ್ತಲ್ಲ. ಅದರ ಕಣ್ಣಿಗೆ ಎರಡೂ ಸಂಖ್ಯೆಗಳೇ.

ಇದು ದೊಡ್ಡವರಿಗೂ ಆಗಿದೆ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳ ಗ್ರಹದ ಹತ್ತಿರ ಕಳೆದುಹೋಯಿತು. ನೆಲದ ಮೇಲಿನ ಒಂದು ಸಾಫ್ಟ್‌ವೇರ್ ಪೌಂಡ್-ಫೋರ್ಸ್ ಲೆಕ್ಕದಲ್ಲಿ ಸಂಖ್ಯೆ ಕೊಟ್ಟಿತ್ತು, ಅದನ್ನು ತಗೊಂಡ ಇನ್ನೊಂದು ಸಾಫ್ಟ್‌ವೇರ್ ನ್ಯೂಟನ್ ಅಂತ ಓದಿತ್ತು. ಅಲ್ಲೂ ಎರಡೂ ಬರೀ ಸಂಖ್ಯೆ.

ಉಪಾಯ ಸುಲಭ:

  ನ್ಯೂಟೈಪ್ ಕಿಲೋ = ಕಿಲೋ ಸಂಖ್ಯೆ
  ನ್ಯೂಟೈಪ್ ಎಣಿಕೆ = ಎಣಿಕೆ ಸಂಖ್ಯೆ
  ನ್ಯೂಟೈಪ್ ದರ = ದರ ಸಂಖ್ಯೆ
  ನ್ಯೂಟೈಪ್ ರೂಪಾಯಿ = ರೂಪಾಯಿ ಸಂಖ್ಯೆ

  ಬಿಲ್ : ಕಿಲೋ → ದರ → ರೂಪಾಯಿ

ಈಗ ಎಣಿಕೆ ಕೊಟ್ಟರೆ ಕಂಪೈಲ್ ಆಗಲ್ಲ. ಎಣಿಕೆಯಿಂದ ಕಿಲೋಗೆ ಹೋಗಬೇಕಾದರೆ, ಒಂದು ಪೆಟ್ಟಿಗೆಗೆ ಎಷ್ಟು ಕಿಲೋ ಅಂತ ಕೇಳುವ ಒಂದು ಫಂಕ್ಷನ್ ಮೂಲಕವೇ ಹೋಗಬೇಕು. ಕಂಪೈಲ್ ಆದ ಮೇಲೆ ಈ ನ್ಯೂಟೈಪ್ ಹೊದಿಕೆ ಉಳಿಯೋದೇ ಇಲ್ಲ, ಆದ್ದರಿಂದ ರನ್‌ಟೈಮ್‌ನಲ್ಲಿ ಇದಕ್ಕೆ ಖರ್ಚೂ ಇಲ್ಲ. ಬೆಲೆ ಬರೀ ಬರವಣಿಗೆಯಲ್ಲಿ: ಕಿಲೋ ಕಿಲೋ ಕೂಡಿಸೋಕೂ ನಾವೇ ಅನುಮತಿ ಬರೆದುಕೊಡಬೇಕು.

2. ಅದೇ ವಸ್ತು, ಬೇರೆ ಸ್ಥಿತಿ

ದೂರದ ಊರಿಗೆ ಲಾರಿಯಲ್ಲಿ ಹೋಗೋದು ಕಾಯಿ. ಹಣ್ಣಾದದ್ದನ್ನು ಲಾರಿಗೆ ಹಾಕಿದರೆ ಇಳಿಸುವಷ್ಟರಲ್ಲಿ ಜಜ್ಜಿ ಹೋಗಿರುತ್ತೆ. ಸಂತೆಗೆ ಬೇಕಾದದ್ದು ಹುಲ್ಲಿನಲ್ಲಿಟ್ಟು ಮಾಗಿಸಿದ ಹಣ್ಣು. ಪೆಟ್ಟಿಗೆ ಅದೇ, ತೂಕವೂ ಹೆಚ್ಚುಕಮ್ಮಿ ಅದೇ, ಆದರೆ ಸ್ಥಿತಿ ಬೇರೆ. ಡೇಟಾದಲ್ಲಿ ಏನೂ ಸೇರಿಸದೆ ಈ ವ್ಯತ್ಯಾಸವನ್ನು ಟೈಪ್‌ಗೆ ಹೇಳೋದು ಹೇಗೆ?

  ಡೇಟಾ ಕಾಯಿ
  ಡೇಟಾ ಹಣ್ಣು
  ನ್ಯೂಟೈಪ್ ಪೆಟ್ಟಿಗೆ ಸ = ಕಟ್ಟು ಕಿಲೋ

  ತುಂಬು : ಕಿಲೋ → ಪೆಟ್ಟಿಗೆ ಕಾಯಿ
  ಮಾಗಿಸು : ಪೆಟ್ಟಿಗೆ ಕಾಯಿ → ಪೆಟ್ಟಿಗೆ ಹಣ್ಣು
  ಲಾರಿಗೆ : ಪೆಟ್ಟಿಗೆ ಕಾಯಿ → ರಶೀದಿ
  ಸಂತೆಗೆ : ಪೆಟ್ಟಿಗೆ ಹಣ್ಣು → ರಶೀದಿ
  ತೂಕ : ಪೆಟ್ಟಿಗೆ ಸ → ಕಿಲೋ

ಪೆಟ್ಟಿಗೆಯ ಎಡಗಡೆ "ಸ" ಇದೆ, ಬಲಗಡೆ ಎಲ್ಲೂ ಇಲ್ಲ. ಒಳಗೆ ಇರೋದು ಕಿಲೋ ಮಾತ್ರ. ಇಂಥ ಪ್ಯಾರಾಮೀಟರ್ ಇರುವ ಟೈಪ್‌ಗೆ ಫ್ಯಾಂಟಮ್ ಟೈಪ್ ಅನ್ನುತ್ತಾರೆ. ಕಾಯಿ, ಹಣ್ಣು ಎಂಬ ಟೈಪ್‌ಗಳಿಗೆ ಬೆಲೆಗಳೇ ಇಲ್ಲ, ಅವು ಬರೀ ಚೀಟಿ. ಚೀಟಿ ಕಂಪೈಲರ್‌ಗೆ ಮಾತ್ರ ಕಾಣುತ್ತೆ. "ಕಟ್ಟು" ಎಂಬ ಕನ್‌ಸ್ಟ್ರಕ್ಟರನ್ನು ಮಾಡ್ಯೂಲ್‌ನಿಂದ ಹೊರಗೆ ಬಿಡದಿದ್ದರೆ, ಹೊರಗಿನವರು ಮಾಗಿಸದೆ ಹಣ್ಣಿನ ಪೆಟ್ಟಿಗೆ ತಯಾರಿಸೋಕೆ ಆಗಲ್ಲ.

ಇದು ಬರೀ ಪಾಠದ ಆಟ ಅಲ್ಲ. ಬೆಂಗಳೂರಿನ ಜಸ್‌ಪೇ ತಂಡ ಕಟ್ಟಿದ, 2022ರ ನವೆಂಬರ್‌ನಲ್ಲಿ ಶುರುವಾದ ಆಟೋ ಬುಕ್ಕಿಂಗ್ ಆಪ್ "ನಮ್ಮ ಯಾತ್ರಿ" ನಿಮ್ಮ ಫೋನಿನಲ್ಲೂ ಇರಬಹುದು. ಅದರ ಬ್ಯಾಕೆಂಡ್ ಹ್ಯಾಸ್ಕೆಲ್‌ನಲ್ಲಿದೆ, ಕೋಡ್ ಎಲ್ಲರಿಗೂ ತೆರೆದಿದೆ. ಅಲ್ಲಿ ಐಡಿ ಎಂಬ ಟೈಪ್ ಇದೇ ತರ. ಒಳಗೆ ಇರೋದು ಬರೀ ಅಕ್ಷರಸಾಲು, ಪಕ್ಕದಲ್ಲಿ ಒಂದು ಫ್ಯಾಂಟಮ್ ಪ್ಯಾರಾಮೀಟರ್. ಹಾಗಾಗಿ ವ್ಯಕ್ತಿಯ ಐಡಿ ಕೇಳುವ ಫಂಕ್ಷನ್‌ಗೆ ಸವಾರಿಯ ಐಡಿ ಕೊಟ್ಟರೆ ಕಂಪೈಲ್ ಆಗಲ್ಲ. ಮೀಟರ್, ಸೆಕೆಂಡ್, ಹಣ ಇವಕ್ಕೆಲ್ಲ ಬೇರೆ ಬೇರೆ ನ್ಯೂಟೈಪ್‌ಗಳೂ ಇವೆ. ಒಂದು ಐಡಿಯನ್ನು ಇನ್ನೊಂದು ಬಗೆಯ ಐಡಿ ಅಂತ ಬದಲಿಸಲೇಬೇಕಾದಾಗ ಬಳಸೋಕೆ "ಕ್ಯಾಸ್ಟ್" ಅಂತ ಒಂದು ಫಂಕ್ಷನ್ನೂ ಇಟ್ಟಿದ್ದಾರೆ. ನಮಗೆ ಇಷ್ಟವಾದದ್ದು ಇದೇ. ಹಿತ್ತಿಲ ಬಾಗಿಲು ಇದೆ, ಆದರೆ ಅದಕ್ಕೆ ಹೆಸರಿದೆ. ಎಲ್ಲೆಲ್ಲಿ ತೆರೆದಿದ್ದಾರೆ ಅಂತ ಹುಡುಕಿ ನೋಡಬಹುದು.

ಹೆಸರಿಲ್ಲದ ಹಿತ್ತಿಲ ಬಾಗಿಲೂ ಒಂದಿದೆ, ಹುಷಾರು. ಹ್ಯಾಸ್ಕೆಲ್‌ನಲ್ಲಿ "ಕೊಯರ್ಸ್" ಎಂಬ ಫಂಕ್ಷನ್, ಒಳಗಿನ ರೂಪ ಒಂದೇ ಆಗಿರುವ ಎರಡು ಟೈಪ್‌ಗಳ ನಡುವೆ ಖರ್ಚಿಲ್ಲದೆ ಬದಲಿಸುತ್ತೆ. ಕಂಪೈಲರ್ ನಮ್ಮ "ಸ"ವನ್ನು ನೋಡಿ, ಇದನ್ನು ಒಳಗೆ ಎಲ್ಲೂ ಬಳಸಿಲ್ಲ, ಆದ್ದರಿಂದ ಇದು ಏನಾದರೂ ನಡೆಯುತ್ತೆ ಅಂದುಕೊಳ್ಳುತ್ತೆ. ಕನ್‌ಸ್ಟ್ರಕ್ಟರ್ ಬಚ್ಚಿಟ್ಟಿದ್ದರೂ ಕೊಯರ್ಸ್‌ನಿಂದ ಕಾಯಿ ಒಂದೇ ಕ್ಷಣದಲ್ಲಿ ಹಣ್ಣಾಗುತ್ತೆ! ಇದನ್ನು ತಡೆಯೋಕೆ 2014ರಲ್ಲಿ ಬಂದ ಜಿಎಚ್‌ಸಿ 7.8ರಿಂದ "ರೋಲ್" ಸೂಚನೆ ಇದೆ. ಪೆಟ್ಟಿಗೆಯ ಪ್ಯಾರಾಮೀಟರ್‌ಗೆ "ನಾಮಿನಲ್" ಅಂತ ಒಂದು ಸಾಲು ಬರೆದರೆ ಬಾಗಿಲು ಮುಚ್ಚುತ್ತೆ. ಫ್ಯಾಂಟಮ್ ಟೈಪ್ ಬರೆದಾಗೆಲ್ಲ ಈ ಸಾಲು ಬೇಕಾ ಅಂತ ಒಮ್ಮೆ ಕೇಳಿಕೊಳ್ಳಿ.

3. ಫೈಲಿನಿಂದ ಬಂದದ್ದು ಕಾಯಿಯೋ ಹಣ್ಣೋ?

ಇಲ್ಲಿಂದ ನಿಜವಾದ ಕಷ್ಟ. ಮೇಲಿನದೆಲ್ಲ ನಡೆದದ್ದು ಪೆಟ್ಟಿಗೆಯನ್ನು ನಾವೇ ಕೋಡಿನಲ್ಲಿ ತುಂಬಿದಾಗ. ಆದರೆ ಲೆಕ್ಕ ಇರೋದು ಫೈಲಿನಲ್ಲಿ. ಸಾಲು ಓದಿದ ಮೇಲೆ ತಾನೇ ಅದು ಕಾಯಿಯೋ ಹಣ್ಣೋ ಗೊತ್ತಾಗೋದು? ಹಾಗಾದ್ರೆ ಓದುವ ಫಂಕ್ಷನ್ನಿನ ಟೈಪ್ ಏನು?

  ಓದು : ಸಾಲು → ಪೆಟ್ಟಿಗೆ ?

"ಪೆಟ್ಟಿಗೆ ಸ" ಅಂತ ಬರೆದರೆ ಅರ್ಥವೇ ಬೇರೆ ಆಗುತ್ತೆ: "ಕರೆಯುವವರು ಯಾವ ಸ ಕೇಳಿದರೂ ಕೊಡ್ತೀನಿ" ಅಂತ. ನಮಗೆ ಬೇಕಾದದ್ದು "ಯಾವುದೋ ಒಂದು ಸ ಇದೆ, ಯಾವುದು ಅಂತ ನೋಡಿ ತಿಳಿದುಕೋ" ಅನ್ನೋದು. ಮೊದಲನೆಯದಕ್ಕೆ ∀, ಎರಡನೆಯದಕ್ಕೆ ∃. ಡಿಸ್ಕ್ರೀಟ್ ಮ್ಯಾಥ್ಸ್‌ನಲ್ಲಿ ಪರೀಕ್ಷೆಗೆ ಮಾತ್ರ ಓದಿದ ಚಿಹ್ನೆ ಇಲ್ಲಿ ಕೆಲಸಕ್ಕೆ ಬಂತು ನೋಡಿ.

  ಡೇಟಾ ಗುರುತು ಸ
    ಕಾಯಿಗುರುತು : ಗುರುತು ಕಾಯಿ
    ಹಣ್ಣುಗುರುತು : ಗುರುತು ಹಣ್ಣು

  ಡೇಟಾ ಯಾವುದೋ = ∃ ಸ. ಚೀಲ (ಗುರುತು ಸ) (ಪೆಟ್ಟಿಗೆ ಸ)

  ಓದು : ಸಾಲು → ಮೇಬಿ ಯಾವುದೋ

ಚೀಲದಲ್ಲಿ ಎರಡು ವಸ್ತು: ಒಂದು ಗುರುತು, ಒಂದು ಪೆಟ್ಟಿಗೆ. ಎರಡರ "ಸ" ಒಂದೇ. ಬಳಸೋದು ಹೀಗೆ:

  ಕಳಿಸು (ಚೀಲ ಗು ಪೆ) = ಗು ನೋಡಿ
    ಕಾಯಿಗುರುತು ಆದರೆ → ಲಾರಿಗೆ ಪೆ
    ಹಣ್ಣುಗುರುತು ಆದರೆ → ಸಂತೆಗೆ ಪೆ

ಮೊದಲ ಕವಲಿನಲ್ಲಿ "ಗು" ಕಾಯಿಗುರುತು ಅಂತ ಗೊತ್ತಾಯಿತು. ಅದರ ಟೈಪ್ "ಗುರುತು ಕಾಯಿ". ಆದ್ದರಿಂದ ಆ ಕವಲಿನ ಒಳಗೆ ಸ ಅಂದ್ರೆ ಕಾಯಿ. ಹಾಗಾಗಿ ಪೆ ಕೂಡ ಪೆಟ್ಟಿಗೆ ಕಾಯಿ, ಅದನ್ನು ಲಾರಿಗೆ ಹಾಕಬಹುದು. ಎರಡು ಕವಲು ಅದಲು ಬದಲು ಬರೆದರೆ ಕಂಪೈಲ್ ಆಗಲ್ಲ. ಗುರುತನ್ನು ಮಾಮೂಲಿ ಎನಮ್ ಮಾಡಿದ್ದರೆ ಈ ತೀರ್ಮಾನ ನಮ್ಮ ತಲೆಯಲ್ಲಿ ಮಾತ್ರ ನಡೆಯುತ್ತಿತ್ತು, ಕಂಪೈಲರ್‌ಗೆ ಮುಟ್ಟುತ್ತಿರಲಿಲ್ಲ. ಮ್ಯಾಚ್ ಮಾಡಿದಾಗ ಟೈಪ್ ಬಗ್ಗೆಯೂ ಸುದ್ದಿ ಕೊಡುವ ಇಂಥ ಡೇಟಾಗೆ ಜಿಎಡಿಟಿ ಅಂತ ಹೆಸರು. ಹ್ಯಾಸ್ಕೆಲ್‌ನ ಜಿಎಚ್‌ಸಿಗೆ ಇದು ಬಂದದ್ದು 2005ರಲ್ಲಿ, ಓಕ್ಯಾಮಲ್‌ಗೆ 2012ರಲ್ಲಿ.

ಬೆಲೆ ಏನು? ಚೀಲದ ಒಳಗಿನ ಸ ಚೀಲ ಬಿಟ್ಟು ಹೊರಗೆ ಬರಲ್ಲ. "ಚೀಲದಿಂದ ಪೆಟ್ಟಿಗೆ ತೆಗೆದು ಕೊಡು" ಅಂತ ಫಂಕ್ಷನ್ ಬರೆಯೋಕೆ ಹೋದರೆ, ಯಾವ ಪೆಟ್ಟಿಗೆ ಅಂತ ಹೇಳೋಕೆ ಆಗದೆ ಎರರ್ ಬರುತ್ತೆ. ಎಲ್ಲ ಕೆಲಸವನ್ನೂ ಮ್ಯಾಚ್ ಒಳಗೇ ಮುಗಿಸಬೇಕು. ಇನ್ನೊಂದು ಮಾತು: ನೋಟ್‌ಬುಕ್ಕಿನಲ್ಲಿ ಕಾಯಿ ಅಂತ ಬರೆಯುವ ಕಡೆ ಹಣ್ಣು ಅಂತ ಬರೆದಿದ್ದರೆ ಯಾವ ಜಿಎಡಿಟಿಯೂ ಕಂಡುಹಿಡಿಯಲ್ಲ. ಬಾಗಿಲಲ್ಲಿ ಒಮ್ಮೆ ಪರೀಕ್ಷೆ ಮಾಡಿದ ಮೇಲೆ ಒಳಗೆ ಎಲ್ಲೂ ಅದಲು ಬದಲು ಆಗಲ್ಲ ಅನ್ನೋದಷ್ಟೇ ಇದರ ಭರವಸೆ.

4. ಒಂದೇ ಫಂಕ್ಷನ್, ಎರಡು ಟೈಪ್

ತೂಕದಲ್ಲೂ ಎರಡು ಬಗೆ. ಒಮ್ಮೆ ಪೆಟ್ಟಿಗೆ ಸಮೇತ, ಒಮ್ಮೆ ಖಾಲಿ ಪೆಟ್ಟಿಗೆಯ ತೂಕ ಕಳೆದು. ಆದ್ದರಿಂದ ಅಳೆಯುವ ಫಂಕ್ಷನ್ನನ್ನೇ ಹೊರಗಿನಿಂದ ಕೊಡೋಣ:

  ಒಟ್ಟು ಅಳೆ ಕಾ ಹ = ಅಳೆ ಕಾ + ಅಳೆ ಹ

"ಕಾ" ಕಾಯಿಯ ಪೆಟ್ಟಿಗೆ, "ಹ" ಹಣ್ಣಿನ ಪೆಟ್ಟಿಗೆ. ಸರಿಯಾಗೇ ಇದೆ ಅಲ್ವಾ? ಕೋಡ್ ಹಾಗೇ ಕಂಪೈಲ್ ಆಗುತ್ತೆ ಕೂಡ. ಆದರೆ ಒಂದು ಕಾಯಿ ಒಂದು ಹಣ್ಣು ಕೊಟ್ಟು ಕರೆದ ಕೂಡಲೇ ಎರರ್. ಹಿಂಡ್ಲಿ-ಮಿಲ್ನರ್‌ನ ನಿಯಮ ಹೀಗಿದೆ: ಲೆಟ್‌ನಿಂದ ಹೆಸರಿಟ್ಟ ಫಂಕ್ಷನ್ ಎಷ್ಟು ಟೈಪ್‌ಗಳಿಗೆ ಬೇಕಾದರೂ ಬಳಸಬಹುದು, ಆರ್ಗ್ಯುಮೆಂಟ್ ಆಗಿ ಬಂದ ಫಂಕ್ಷನ್ ಮಾತ್ರ ದೇಹದ ಒಳಗೆ ಒಂದೇ ಟೈಪ್‌ನಲ್ಲಿ ಇರಬೇಕು. ಹಾಗಾಗಿ ಅದು ಕಾ ಮತ್ತು ಹ ಎರಡರ ಟೈಪೂ ಒಂದೇ ಅಂತ ತೀರ್ಮಾನಿಸಿಬಿಟ್ಟಿರುತ್ತೆ.

ಉಪಾಯ: ನಮಗೆ ಬೇಕಾದದ್ದನ್ನು ನಾವೇ ಬರೆದು ಹೇಳೋದು.

  ಒಟ್ಟು : (∀ ಸ. ಪೆಟ್ಟಿಗೆ ಸ → ಕಿಲೋ) → ಪೆಟ್ಟಿಗೆ ಕಾಯಿ → ಪೆಟ್ಟಿಗೆ ಹಣ್ಣು → ಕಿಲೋ

∀ ಈಗ ಕಂಸದ ಒಳಗೆ ಬಂದಿದೆ. "ಎಲ್ಲ ಬಗೆಯ ಪೆಟ್ಟಿಗೆಯನ್ನೂ ಅಳೆಯಬಲ್ಲ ಫಂಕ್ಷನ್ನೇ ಬೇಕು" ಅಂತ ಇದರ ಅರ್ಥ. ಹಣ್ಣಿನ ಪೆಟ್ಟಿಗೆ ಮಾತ್ರ ಅಳೆಯುವುದನ್ನು ಕೊಟ್ಟರೆ ಒಪ್ಪಲ್ಲ. ಇದಕ್ಕೆ ರ‍್ಯಾಂಕ್-2 ಟೈಪ್ ಅನ್ನುತ್ತಾರೆ. ಓಕ್ಯಾಮಲ್‌ನಲ್ಲಿ ಇದನ್ನೇ ಮಾಡೋಕೆ ಒಂದು ರೆಕಾರ್ಡ್ ಮಾಡಿ, ಅದರ ಫೀಲ್ಡ್‌ಗೆ ಪಾಲಿಮಾರ್ಫಿಕ್ ಟೈಪ್ ಕೊಟ್ಟು, ಫಂಕ್ಷನ್ನನ್ನು ಅದರೊಳಗೆ ಇಟ್ಟು ಕಳಿಸೋದು ರೂಢಿ.

ಕಂಪೈಲರ್ ತಾನೇ ಯಾಕೆ ಊಹಿಸಲ್ಲ? ∀ ಎಲ್ಲಿ ಬೇಕಾದರೂ ಬರಬಹುದಾದ ಸಿಸ್ಟಮ್ ಎಫ್‌ನಲ್ಲಿ, ಬರೆಯದೆ ಬಿಟ್ಟ ಟೈಪ್‌ಗಳನ್ನು ಕಂಡುಹಿಡಿಯುವ ಅಲ್ಗಾರಿದಮ್ ಇರೋಕೇ ಸಾಧ್ಯವಿಲ್ಲ ಅಂತ ಜೆ. ಬಿ. ವೆಲ್ಸ್ 1994ರಲ್ಲಿ ತೋರಿಸಿದರು. ಕೇಳಿದ್ದನ್ನು ಪರೀಕ್ಷಿಸೋದು ಸುಲಭ, ಹೇಳದೆ ಇದ್ದದ್ದನ್ನು ಊಹಿಸೋದು ಕಷ್ಟ. ಆದ್ದರಿಂದ ಇಲ್ಲಿ ಬೆಲೆ ಒಂದು ಸಾಲಿನ ಟೈಪ್ ಸಹಿ.

ಮೂರನೆಯ ಪಾಠಕ್ಕೂ ಇದಕ್ಕೂ ನಂಟಿದೆ. ∃ ಇರುವ ಚೀಲ ಇಲ್ಲದೆಯೂ, "ಎಲ್ಲ ಸಗೂ ಉತ್ತರ ಕೊಡಬಲ್ಲ ಫಂಕ್ಷನ್ ಕೊಡು, ನಾನು ನನ್ನ ಪೆಟ್ಟಿಗೆಗೆ ಅದನ್ನು ಹಚ್ಚಿ ಉತ್ತರ ಕೊಡ್ತೀನಿ" ಅಂತ ರ‍್ಯಾಂಕ್-2ರಿಂದಲೇ ಅದೇ ಕೆಲಸ ಮಾಡಬಹುದು. ಚೀಲ ಕೈಗೆ ಕೊಡದೆ, ಬಂದವರನ್ನು ಚೀಲದ ಹತ್ತಿರ ಕರೆದಂತೆ.

5. ಒಂದೇ ಪೆಟ್ಟಿಗೆ ಎರಡು ಸಲ ಮಾರಾಟ

ಇಷ್ಟೆಲ್ಲ ಮಾಡಿದ ಮೇಲೂ ಈ ಕೋಡ್ ಕಂಪೈಲ್ ಆಗುತ್ತೆ:

  ಪೆ = ತುಂಬು (ಕಿಲೋ 18)
  ರ1 = ಲಾರಿಗೆ ಪೆ
  ರ2 = ಸಂತೆಗೆ (ಮಾಗಿಸು ಪೆ)

ಒಂದೇ ಪೆಟ್ಟಿಗೆಗೆ ಎರಡು ರಶೀದಿ! ಮಾಗಿಸಿದ ಮೇಲೂ ಹಳೆಯ "ಪೆ" ಹಾಗೇ ಉಳಿದಿದೆ. ಬೆಲೆ ಬದಲಾಗಲ್ಲ, ಎಷ್ಟು ಸಲ ಬೇಕಾದರೂ ಬಳಸಬಹುದು ಅನ್ನೋದು ಫಂಕ್ಷನಲ್ ಭಾಷೆಯ ದೊಡ್ಡ ಗುಣ ಅಂತ ನಾವೆಲ್ಲ ಮೊದಲ ಪಾಠದಲ್ಲೇ ಕಲಿತಿದ್ದೇವೆ. ಇಲ್ಲಿ ಅದೇ ಗುಣ ಅಡ್ಡ ಬಂತು. ಲೆಕ್ಕದ ಪೆಟ್ಟಿಗೆ ಗಣಿತದ ಬೆಲೆ, ತೋಟದ ಪೆಟ್ಟಿಗೆ ಹಾಗಲ್ಲ. ಕೊಟ್ಟ ಮೇಲೆ ಹೋಯ್ತು.

ಫ್ಯಾಂಟಮ್ ಟೈಪ್, ಜಿಎಡಿಟಿ, ರ‍್ಯಾಂಕ್-2, ಯಾವುದೂ ಇದನ್ನು ತಡೆಯಲ್ಲ. ಬೇಕಾದದ್ದು ಎಷ್ಟು ಸಲ ಬಳಸಿದೆವು ಅಂತ ಎಣಿಸುವ ಟೈಪ್ ಸಿಸ್ಟಮ್. ರಸ್ಟ್ ಭಾಷೆಯಲ್ಲಿ ಇದು ಬುಡದಿಂದಲೇ ಇದೆ. ಒಂದು ಬೆಲೆಯ ಒಡೆತನ ಫಂಕ್ಷನ್‌ಗೆ ಹೋದ ಮೇಲೆ ಹಳೆಯ ಹೆಸರು ಬಳಸಿದರೆ ಕಂಪೈಲರ್ ಬಿಡಲ್ಲ. ಹ್ಯಾಸ್ಕೆಲ್‌ಗೆ 2021ರಲ್ಲಿ ಬಂದ ಜಿಎಚ್‌ಸಿ 9.0ದಿಂದ ಲೀನಿಯರ್ ಟೈಪ್‌ಗಳ ಎಕ್ಸ್‌ಟೆನ್ಷನ್ ಇದೆ. ಅದರಲ್ಲಿ ಬಾಣಕ್ಕೇ "ಸರಿಯಾಗಿ ಒಂದು ಸಲ" ಅಂತ ಗುರುತು ಹಾಕಬಹುದು.

ಆದರೆ ನಮ್ಮ ಪ್ರೋಗ್ರಾಮಿಗೆ ನಾವು ಅದನ್ನು ಹಾಕಲಿಲ್ಲ. ಇವತ್ತು ಓದಿದ ಫೈಲನ್ನು ನಾಳೆ ಮತ್ತೆ ಓದುತ್ತೇವೆ. ನಿನ್ನೆ ಮಾರಿದ ಪೆಟ್ಟಿಗೆಯೇ ಇದು ಅಂತ ಇವತ್ತಿನ ಕಂಪೈಲರ್‌ಗೆ ಗೊತ್ತಾಗೋ ದಾರಿ ಇಲ್ಲ. ಪ್ರತಿ ಪೆಟ್ಟಿಗೆಗೆ ಒಂದು ನಂಬರ್ ಕೊಟ್ಟು, ರಶೀದಿಗಳ ಡೇಟಾಬೇಸ್ ಟೇಬಲ್‌ನಲ್ಲಿ ಆ ನಂಬರ್ ಒಂದೇ ಸಲ ಬರಬೇಕು ಅಂತ ನಿರ್ಬಂಧ ಹಾಕೋದು ಇಲ್ಲಿ ಸರಿಯಾದ ಉಪಾಯ. ಟೈಪ್‌ನ ಕೆಲಸ ಮುಗಿದು ಡೇಟಾಬೇಸಿನ ಕೆಲಸ ಶುರುವಾಗುವ ಗಡಿ ಇದು.

ಎಲ್ಲಿಗೆ ನಿಲ್ಲಿಸಬೇಕು?

"ಅನ್‌ಸೇಫ್ ಕೊಯರ್ಸ್" ಅಂತ ಒಂದು ಫಂಕ್ಷನ್ ಇದೆ. ಯಾವ ಟೈಪನ್ನಾದರೂ ಯಾವುದಕ್ಕಾದರೂ ಬದಲಿಸುತ್ತೆ, ಪ್ರಶ್ನೆಯೇ ಕೇಳಲ್ಲ. ಅದು ಉಪಾಯ ಅಲ್ಲ, ಕಾವಲುಗಾರನನ್ನು ಮನೆಗೆ ಕಳಿಸಿದಂತೆ. ಮೇಲಿನ ಐದೂ ಪಾಠಗಳಲ್ಲಿ ನಾವು ಮಾಡಿದ್ದು ಅದರ ವಿರುದ್ಧ: ನಮಗೆ ಗೊತ್ತಿದ್ದು ಕಂಪೈಲರ್‌ಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ಅದಕ್ಕೆ ಅರ್ಥವಾಗುವ ಹಾಗೆ ಹೇಳಿದ್ದು. ಎರರ್ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆಯೂ ಇದೇ: ಇಲ್ಲಿ ನನಗೆ ಗೊತ್ತಿರೋದು ಏನು, ಅದು ಟೈಪ್‌ನಲ್ಲಿ ಎಲ್ಲಿದೆ?

ಹಾಗಂತ ಎಲ್ಲವನ್ನೂ ಟೈಪ್‌ಗೆ ತುಂಬೋದೂ ಬೇಡ. ನಮ್ಮ ಅಳತೆ ಹೀಗಿದೆ. ತಪ್ಪಾದರೆ ಯಾರದೋ ದುಡ್ಡು ಹೋಗುತ್ತೆ, ಮತ್ತು ತಪ್ಪು ಕಣ್ಣಿಗೆ ಬೀಳಲ್ಲ ಅಂದ್ರೆ ಟೈಪ್ ಹಾಕಿ. ತಪ್ಪಾದರೆ ತಕ್ಷಣ ಕಾಣುತ್ತೆ ಅಂದ್ರೆ ಒಂದು ಟೆಸ್ಟ್ ಸಾಕು. ಈ ಲೆಕ್ಕದಲ್ಲಿ ಕಿಲೋ ಮತ್ತು ಎಣಿಕೆಯ ನ್ಯೂಟೈಪ್‌ಗಳಿಂದಲೇ ಹೆಚ್ಚಿನ ಲಾಭ, ಅದನ್ನು ಅರ್ಧ ಗಂಟೆಯಲ್ಲಿ ಯಾರು ಬೇಕಾದರೂ ಬರೆಯಬಹುದು.

ನೀವೇ ಮಾಡಿ ನೋಡಿ

ಒಂದು: "ಕೊಳೆತ" ಅಂತ ಮೂರನೇ ಸ್ಥಿತಿ ಸೇರಿಸಿ. ಗುರುತಿಗೂ ಒಂದು ಕನ್‌ಸ್ಟ್ರಕ್ಟರ್ ಸೇರಿಸಿ, ಎಚ್ಚರಿಕೆಗಳನ್ನು ಆನ್ ಮಾಡಿ ಕಂಪೈಲ್ ಮಾಡಿ. ಯಾವ ಫಂಕ್ಷನ್ ಬಗ್ಗೆ ಎಚ್ಚರಿಕೆ ಬರುತ್ತೆ, ಯಾವುದಕ್ಕೆ ಏನೂ ಆಗಲ್ಲ ಅಂತ ಪಟ್ಟಿ ಮಾಡಿ.

ಎರಡು: ಸಂತೆಯಲ್ಲಿ ಡಜನ್ ಲೆಕ್ಕದಲ್ಲೂ ಮಾರುತ್ತಾರೆ. "ದರ"ಕ್ಕೂ "ಅಳತೆ"ಗೂ ಒಂದೊಂದು ಫ್ಯಾಂಟಮ್ ಪ್ಯಾರಾಮೀಟರ್ ಕೊಟ್ಟು, ಕಿಲೋ ದರವನ್ನು ಡಜನ್ ಅಳತೆಗೆ ಗುಣಿಸೋಕೆ ಆಗದ ಹಾಗೆ ಬಿಲ್‌ನ ಟೈಪ್ ಬರೆಯಿರಿ. ಸುಳಿವು: ಎರಡಕ್ಕೂ ಒಂದೇ ಅಕ್ಷರ ಸಾಕು.

ಮೂರು: ಪಟ್ಟಿಯ ಮೊದಲ ಪೆಟ್ಟಿಗೆ ತೆಗೆಯುವ "ಹೆಡ್" ಫಂಕ್ಷನ್ ಖಾಲಿ ಪಟ್ಟಿಗೆ ಕ್ರ್ಯಾಶ್ ಆಗುತ್ತೆ. ಜಿಎಚ್‌ಸಿ 9.8ರಿಂದ ಅದನ್ನು ಬಳಸಿದರೆ ಎಚ್ಚರಿಕೆಯೇ ಬರುತ್ತೆ. ಇದನ್ನು ಎರಡು ದಾರಿಯಲ್ಲಿ ಸರಿಮಾಡಿ: ಉತ್ತರದ ಟೈಪ್ ಬದಲಿಸಿ ಒಮ್ಮೆ, ಆರ್ಗ್ಯುಮೆಂಟಿನ ಟೈಪ್ ಬದಲಿಸಿ ಒಮ್ಮೆ. ಯಾವುದರಲ್ಲಿ ಕರೆಯುವವರಿಗೆ ಕೆಲಸ ಹೆಚ್ಚು, ಆ ಕೆಲಸ ಎಷ್ಟು ಸಲ ಮಾಡಬೇಕು ಅಂತ ಯೋಚಿಸಿ. ಉತ್ತರ ಬರೆದವರು ಕ್ಲಬ್ಬಿನ ಮುಂದಿನ ಓದುಗುಂಪಿಗೆ ಲ್ಯಾಪ್‌ಟಾಪ್ ತಗೊಂಡು ಬನ್ನಿ, ಒಟ್ಟಿಗೆ ಕಂಪೈಲ್ ಮಾಡಿ ನೋಡೋಣ.